ಭಾನುವಾರ ಪಾಠ ಹೇಳಿಕೊಡೋಕೆ ಹೆಸರು ಕೊಟ್ಟವರು 31, ಬಂದವರು 4. ಏನು ಮಾಡೋದು?

ಪಾಠದ_ಅಕ್ಕ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಪೀಣ್ಯದ ಕಡೆ ಒಂದು ಸಮುದಾಯ ಭವನದ ಮಹಡಿ ಕೋಣೆಯಲ್ಲಿ ಮೂರು ವರ್ಷದಿಂದ ಉಚಿತ ಪಾಠ ನಡೆಸುತ್ತಿದ್ದೇವೆ. ಶನಿವಾರ ಸಂಜೆ 4ರಿಂದ 6, ಭಾನುವಾರ ಬೆಳಿಗ್ಗೆ 10ರಿಂದ 12. ಆರನೇ ಕ್ಲಾಸಿಂದ ಎಸ್‌ಎಸ್‌ಎಲ್‌ಸಿವರೆಗೆ 42 ಮಕ್ಕಳು. ಅಮ್ಮಂದಿರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಅಪ್ಪಂದಿರು ಲೋಡಿಂಗ್, ಗಾರೆ ಕೆಲಸ, ಆಟೊ. ನಾವು ಮೂವರು ಗೆಳತಿಯರು ಶುರು ಮಾಡಿದ್ದು. ಮಕ್ಕಳಿಗೇನೂ ಬರ ಇಲ್ಲ, ಹೇಳಿಕೊಡುವವರಿಗೆ ಬರ.

ವಾಟ್ಸಾಪ್ ಗ್ರೂಪಿನಲ್ಲಿ 31 ಜನ ಇದ್ದಾರೆ. ಶುಕ್ರವಾರ "ಯಾರ್ಯಾರು ಬರ್ತೀರಿ" ಅಂತ ಕೇಳಿದರೆ 15 ಹೆಬ್ಬೆರಳು ಬೀಳುತ್ತವೆ. ಭಾನುವಾರ 9.40ಕ್ಕೆ ಶುರುವಾಗುತ್ತದೆ ನೋಡಿ. "ಸಾರಿ, ನೆಂಟರು ಬಂದಿದ್ದಾರೆ." "ಸಾರಿ, ಆಫೀಸಲ್ಲಿ ರಿಲೀಸ್ ಇದೆ." "ಸ್ವಲ್ಪ ಜ್ವರ." ಕಳೆದ ವಾರ ಬಂದವರು ನಾಲ್ಕೇ ಜನ. ಅದರಲ್ಲಿ ಇಬ್ಬರು ನಾವೇ.

ನನಗೆ ಬೇಜಾರಾಗಿದ್ದು ಇದಕ್ಕಲ್ಲ. ಹತ್ತನೇ ಕ್ಲಾಸಿನ ಒಬ್ಬಳ ನೋಟ್‌ಬುಕ್ ತಿರುವಿ ಹಾಕುತ್ತಿದ್ದೆ. ಒಂದು ವರ್ಗ ಸಮೀಕರಣ ಮಧ್ಯದ ಪದ ಒಡೆಯುವಲ್ಲಿಗೆ ನಿಂತಿತ್ತು. ಕೆಳಗೆ ಅರ್ಧ ಪುಟ ಖಾಲಿ. ಆಮೇಲಿನ ಲೆಕ್ಕಗಳೆಲ್ಲ ಮುಂದಿನ ಪುಟದಲ್ಲಿ. ಯಾಕಮ್ಮ ಜಾಗ ಬಿಟ್ಟಿದೀಯ ಅಂದೆ. "ಆ ಅಣ್ಣ ಮುಂದಿನ ವಾರ ಮುಗಿಸ್ತೀನಿ ಅಂದಿದ್ರು" ಅಂದಳು. ಅಣ್ಣ ಬಂದು ಐದು ವಾರ ಆಯ್ತು.

ಕೇಳಬೇಕಾದ್ದು ಇಷ್ಟು. ಬರದವರಿಗೆ ಏನಾದರೂ ನಿಯಮ ಮಾಡಬೇಕಾ? ದುಡ್ಡು ಕೊಟ್ಟು ಯಾರನ್ನಾದರೂ ಇಟ್ಟುಕೊಳ್ಳಬೇಕಾ? ಟ್ರಸ್ಟ್ ಅಂತ ರಿಜಿಸ್ಟರ್ ಮಾಡಿಸಿದರೆ ಜನ ಗಂಭೀರವಾಗಿ ತಗೊಳ್ತಾರಾ?

ಕೆಂಗೇರಿ_ಲೋಕಲ್
31ಕ್ಕೆ 4 ಅಂದ್ರೆ ಒಳ್ಳೆ ಸ್ಕೋರೇ ಅಕ್ಕ. ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗಿಗೆ 180 ಮನೆಯಿಂದ ಆರು ಜನ ಬರ್ತಾರೆ. ಅದೂ ಕಾಫಿ ಇದ್ದರೆ.

ಬಿಟ್ಟು_ಓಡಿದವನು
ನಾನೂ ಒಬ್ಬ "ಆ ಅಣ್ಣ"ನೇ. ಬೇರೆ ಕಡೆ, ಬೇರೆ ಸಂಸ್ಥೆ. ಬೈಯುವುದಾದರೆ ಬೈಯಿರಿ, ಆದರೆ ಯಾಕೆ ಬಿಟ್ಟೆ ಅಂತ ಕೇಳಿ.

ಮೊದಲ ವಾರ ನನಗೆ ಎಂಟನೇ ಕ್ಲಾಸಿನ ಮೂವರನ್ನು ಕೊಟ್ಟರು. ಎರಡನೇ ವಾರ ಬೇರೆ ಮೂವರು. ಮೂರನೇ ವಾರ "ಇವತ್ತು ಇಂಗ್ಲಿಷ್ ಮಾಡಿಸಿ" ಅಂದರು. ಯಾವ ಮಗು ಎಲ್ಲಿದೆ, ಹೋದ ವಾರ ಏನಾಯಿತು, ಯಾರಿಗೂ ಗೊತ್ತಿಲ್ಲ. ಒಂದೂವರೆ ಗಂಟೆ ಬಸ್ಸಲ್ಲಿ ಬಂದು ಏನೋ ಮಾತಾಡಿ ವಾಪಸ್ ಹೋಗುತ್ತಿದ್ದೆ. ನಾನು ಬರದಿದ್ದರೂ ಏನೂ ಆಗಲ್ಲ ಅನ್ನಿಸಿಬಿಟ್ಟಿತು. ಹಾಗನ್ನಿಸಿದ ದಿನವೇ ಜ್ವರ ಬರುತ್ತೆ.

ಇನ್ನೊಂದು ಭಾಷೆಯ ಕಥೆ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಆ ಮಕ್ಕಳದ್ದು ಕನ್ನಡ ಮೀಡಿಯಂ. ಡಿನಾಮಿನೇಟರ್ ಅಂದ್ರೆ ಏನು ಅಂತ ರೊಟ್ಟಿ ಚಿತ್ರ ಬರೆದು, ಹರಿದು, ಇಪ್ಪತ್ತು ನಿಮಿಷ ವಿವರಿಸಿದೆ. ಕೊನೆಗೆ ಒಬ್ಬ ಮೆಲ್ಲಗೆ ಕೇಳಿದ: "ಸಾರ್, ಛೇದಾನಾ?" ಅವನಿಗೆ ಮೊದಲಿಂದಲೂ ಗೊತ್ತಿತ್ತು. ನನಗೇ ಗೊತ್ತಿರಲಿಲ್ಲ.

ಹಾಸನದ_ಹುಡುಗಿ
@ಬಿಟ್ಟು_ಓಡಿದವನು "ಸಾರ್, ಛೇದಾನಾ" 😂😂 ನನಗೆ ಶ್ರೇಢಿಯಲ್ಲಿ ಹೀಗೇ ಆಗಿತ್ತು. ಏಳು ವರ್ಷ ಕೋಡ್ ಬರೆದಿದ್ದೇನೆ, ಸಮಾಂತರ ಶ್ರೇಢಿ ಅಂದಾಗ ಇದ್ಯಾವುದೋ ಹೊಸ ವಿಷಯ ಅಂದುಕೊಂಡೆ, ನೋಡಿದರೆ ಅರಿತ್ಮೆಟಿಕ್ ಪ್ರೊಗ್ರೆಷನ್. ದ್ಯುತಿಸಂಶ್ಲೇಷಣೆ ಹೇಳೋಕೆ ನನಗೆ ಮಕ್ಕಳೇ ಅಭ್ಯಾಸ ಮಾಡಿಸಿದರು.

ಸುಲಭ ದಾರಿ ಇದೆ. ಹತ್ತನೇ ಕ್ಲಾಸಿನ ಗಣಿತ, ವಿಜ್ಞಾನ ಪುಸ್ತಕ ಎರಡೂ ಮೀಡಿಯಂನಲ್ಲಿ ಒಂದೇ ಪಾಠ, ಒಂದೇ ಲೆಕ್ಕ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಶುಕ್ರವಾರ ರಾತ್ರಿ ಅರ್ಧ ಗಂಟೆ ಕೂತರೆ ಸಾಕು. ಹೊಸಬರಿಗೆ ಇದನ್ನು ಮೊದಲೇ ಹೇಳಿ.

ಹಳೇ_ಮೇಷ್ಟ್ರು
ತಾಯಿ, ಸರ್ಕಾರಿ ಶಾಲೆಯಲ್ಲಿ 34 ವರ್ಷ ಕಳೆದವನು ನಾನು. ಓಡಿಹೋದ ಹುಡುಗ ಹೇಳಿದ್ದು ಸರಿಯಾಗಿದೆ. ಒಬ್ಬರಿಗೆ ಎರಡು ಮಕ್ಕಳು, ವರ್ಷಪೂರ್ತಿ ಅವೇ ಮಕ್ಕಳು. ಮೊದಲು ಅದನ್ನು ಮಾಡಿ.

ಆಮೇಲೆ ಕ್ಲಾಸು ನೋಡಬೇಡಿ, ಮಗು ಎಲ್ಲಿ ನಿಂತಿದೆ ನೋಡಿ. ಒಂಬತ್ತನೇ ಕ್ಲಾಸಿನ ಹುಡುಗನಿಗೆ 52ರಲ್ಲಿ 37 ಕಳಿ ಅಂತ ಕೊಡಿ. 25 ಅಂತ ಬರೆದರೆ ನಗಬೇಡಿ. 7ರಲ್ಲಿ 2 ಕಳೆದ, 5ರಲ್ಲಿ 3 ಕಳೆದ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ ಯಾರೋ ಎರಡನೇ ಕ್ಲಾಸಿನಲ್ಲಿ ಹೇಳಿದ್ದನ್ನು ಪಾಪ ಇವತ್ತಿಗೂ ಪಾಲಿಸುತ್ತಿದ್ದಾನೆ. ಅವನ ಮುಂದೆ ಐದು ಹತ್ತರ ನೋಟು, ಎರಡು ಒಂದು ರೂಪಾಯಿ ನಾಣ್ಯ ಇಡಿ. ನನಗೆ 37 ಕೊಡು ಅನ್ನಿ. ಮೂರು ನೋಟು ಕೊಡುತ್ತಾನೆ, ಎರಡು ನಾಣ್ಯ ಕೊಡುತ್ತಾನೆ, ಆಮೇಲೆ ತಲೆ ಕೆರೆಯುತ್ತಾನೆ. ಕೊನೆಗೆ "ಸಾರ್, ಚಿಲ್ಲರೆ ಇದೆಯಾ" ಅಂತಾನೆ. ಅಲ್ಲಿಗೆ ದಶಕ ತೆಗೆದುಕೊಳ್ಳುವುದು ಬಂತು ಅಂತ ತಿಳ್ಕೊಳ್ಳಿ.

ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತೆ ಅಂತ ನೋಡುವ ಅಸರ್ ಸಮೀಕ್ಷೆಯವರು 2005ರಿಂದ ಊರೂರು ಸುತ್ತಿ ಮಾಡುವುದೂ ಇಷ್ಟೇ. ಅಕ್ಷರ, ಪದ, ಒಂದು ಪ್ಯಾರಾ, ಒಂದು ಚಿಕ್ಕ ಕಥೆ. ಮಗು ಎಲ್ಲಿ ತಡವರಿಸುತ್ತದೋ ಅದೇ ಅದರ ಮಟ್ಟ. ಐದು ನಿಮಿಷದ ಕೆಲಸ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಕಾರ್ಡು ಹಿಡಿದು ಕಲಿಯುವ ನಲಿ-ಕಲಿ ಶುರುವಾದಾಗಲೂ ಇದೇ ಯೋಚನೆ ಇತ್ತು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ ಅಂತ.

ಕಾರ್ಡು_ಹರಿದ_ಟೀಚರ್
ಮೇಷ್ಟ್ರೇ, ನಲಿ-ಕಲಿ ಮಾತು ತೆಗೆದಿರಿ, ಸುಮ್ನಿರೋಕೆ ಆಗ್ತಿಲ್ಲ. ಯೋಚನೆ ಚಿನ್ನದಂಥದ್ದು. ಆದರೆ ಒಂದು, ಎರಡು, ಮೂರನೇ ಕ್ಲಾಸು ಒಂದೇ ಕೋಣೆಯಲ್ಲಿ, ಟೀಚರ್ ಒಬ್ಬಳೇ. ಮಧ್ಯೆ ಹಾಲು, ಬಿಸಿಯೂಟ, ಮಕ್ಕಳ ವಿವರ ಆನ್‌ಲೈನ್‌ನಲ್ಲಿ ತುಂಬುವ ಎಸ್‌ಎಟಿಎಸ್ ಎಂಟ್ರಿ. ನನಗೆ ಬಂದ ಕಾರ್ಡುಗಳಲ್ಲಿ ಅರ್ಧ ಹರಿದಿದ್ದವು.

ಹಳೇ_ಮೇಷ್ಟ್ರು
ತಾಯಿ, ಕಾರ್ಡು ಹರಿದರೆ ನೋಟು ಇಡಿ ಅಂದೆನಲ್ಲ. (ತಮಾಷೆ. ನಿಮ್ಮ ಕಷ್ಟ ನನಗೂ ಗೊತ್ತು.)

ಪಾಯಿಂಟಿಗೆ_ಬನ್ನಿ
ಎಲ್ಲ ಸರಿ, ಹತ್ತನೇ ಕ್ಲಾಸಿನವರಿಗೆ ಮೆಟ್ಟಿಲು ಹತ್ತಿಸುವಷ್ಟು ಟೈಮ್ ಎಲ್ಲಿದೆ? ಮಾರ್ಚ್‌ನಲ್ಲಿ ಪರೀಕ್ಷೆ. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ ವರ್ಷ ಏನಾಯ್ತು ನೆನಪಿದೆಯಲ್ಲ? ಹಿಂದಿನ ವರ್ಷ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಮಾರ್ಕ್ಸ್ ಜಾಸ್ತಿ ಮಾಡಿದ ಮೇಲೆ. ಈಗ ನಿಜವಾಗಿ ಬಂದರೆ ಮಾತ್ರ ಬರೆಯೋಕೆ ಆಗೋದು.

ಹಾಸನದ_ಹುಡುಗಿ
ಅದಕ್ಕೇ 2023-24ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆಯಲ್ಲ. ಆದರೆ ಒಂದು ತಮಾಷೆ ನೋಡಿ. ಮೊದಲನೆಯದರಲ್ಲಿ ಗಣಿತ ಹೋದ ಮಗುವಿಗೆ ಎರಡನೆಯದಕ್ಕೆ ಸಿಗೋದು ಕೆಲವೇ ವಾರ. ನಮ್ಮಂಥ ಪಾಠದ ಗುಂಪುಗಳು ಆಗಲೇ "ಬೇಸಿಗೆ ರಜೆ, ಜೂನ್‌ನಲ್ಲಿ ಸಿಗೋಣ" ಅಂತ ಬಾಗಿಲು ಹಾಕಿರುತ್ತವೆ. ಮಕ್ಕಳಿಗೆ ನಾವು ಅತಿ ಹೆಚ್ಚು ಬೇಕಾಗೋದೇ ಆಗ. ನಾವು ಹೋದ ವರ್ಷದಿಂದ ಏಪ್ರಿಲ್, ಮೇ ತಿಂಗಳಿಗೆ ಅಂತಲೇ ಬೇರೆ ಪಟ್ಟಿ ಮಾಡ್ತೀವಿ. ವರ್ಷಪೂರ್ತಿ ಬರೋಕಾಗಲ್ಲ ಅನ್ನುವವರು ಎಂಟು ವಾರಕ್ಕಾದರೆ ಖುಷಿಯಿಂದ ಬರ್ತಾರೆ.

ಪಾಠದ_ಅಕ್ಕ
@ಹಾಸನದ_ಹುಡುಗಿ ಅಯ್ಯೋ, ನಾವೂ ಏಪ್ರಿಲ್‌ನಲ್ಲಿ ಬಾಗಿಲು ಹಾಕ್ತೀವಿ. ಇದು ಹೊಳೆದೇ ಇರಲಿಲ್ಲ. ಬರೆದಿಟ್ಟುಕೊಂಡೆ.

ದುಡ್ಡು ಕೊಡುವ ವಿಷಯಕ್ಕೆ ಯಾರೂ ಏನೂ ಹೇಳಲಿಲ್ಲ?

ಸೇವೆ_ಅಂದ್ರೆ_ಸೇವೆ
ದುಡ್ಡು ಕೊಟ್ಟ ದಿನ ಅದು ಟ್ಯೂಷನ್ ಆಗುತ್ತೆ, ಸೇವೆ ಆಗಲ್ಲ. ಒಬ್ಬರಿಗೆ ಕೊಟ್ಟರೆ ಉಳಿದವರು "ನಾವೇನು ಬಿಟ್ಟಿ ಬಂದಿದೀವಾ" ಅಂತಾರೆ. ನನ್ನ ಅನುಭವದಲ್ಲಿ ಇದು ಗುಂಪು ಒಡೆಯುವ ದಾರಿ.

ಧಾರವಾಡದ_ಪೇಡಾ
ಅಣ್ಣಾರ, ತಪ್ಪು ತಿಳ್ಕೋಬ್ಯಾಡ್ರಿ, ನಾನು ಒಪ್ಪೂದಿಲ್ಲ. ನಾವು ಇಲ್ಲಿ ಒಂದು ಓಣಿಯಲ್ಲಿ ನಡೆಸುತ್ತೇವೆ. ಎರಡು ವರ್ಷ ಪೂರ್ತಿ ಸೇವೆ, ಸೇವೆ ಅಂತ ಹೋಗಿ ಎರಡು ಸಲ ಬಾಗಿಲು ಹಾಕಿದ್ದೇವೆ. ಆಮೇಲೆ ಅದೇ ಓಣಿಯ ಹುಡುಗಿ, ಬಿ.ಕಾಂ. ಎರಡನೇ ವರ್ಷ, ಅವಳನ್ನು ತಿಂಗಳಿಗೆ 4,000 ಕೊಟ್ಟು ಇಟ್ಟುಕೊಂಡೆವು. ಕೀಲಿ ಅವಳ ಹತ್ತಿರ. ಹಾಜರಿ ಅವಳದು. ಯಾರ ಮನೆಯಲ್ಲಿ ಅಪ್ಪ ಕುಡಿದು ಬಂದ, ಯಾರು ಊರಿಗೆ ಹೋದರು, ಯಾರನ್ನು ಕೆಲಸಕ್ಕೆ ಕಳಿಸಲಿಕ್ಕೆ ಹತ್ತಿದಾರ, ಎಲ್ಲ ಅವಳಿಗೆ ಗೊತ್ತು. ನಾವು ಹೊರಗಿನವರು ಹೋದರೆ ಹೋದೆವು, ಬಿಟ್ಟರೆ ಬಿಟ್ಟೆವು. ಅಂಗಡಿ ಮುಚ್ಚೂದಿಲ್ಲ.

ಆ 4,000ದಾಗ ಅವಳ ಕಾಲೇಜಿನ ಬಸ್ಸಿನ ಖರ್ಚು, ಪುಸ್ತಕ ನಡೀತದ. ಅವಳೂ ಅದೇ ಮಕ್ಕಳ ಪೈಕಿ ಒಬ್ಬಳಲ್ಲೇನ್ರಿ? ಅವಳಿಗೆ ಕೊಟ್ಟರೆ ಸೇವೆ ಹ್ಯಾಂಗ ಕೆಡ್ತದ?

ಸೇವೆ_ಅಂದ್ರೆ_ಸೇವೆ
ಅವಳಿಗೆ ಕೊಡುವುದು ಬೇರೆ. ನಾನು ಹೇಳಿದ್ದು ಐಟಿಯವರಿಗೆ ಪೆಟ್ರೋಲ್ ದುಡ್ಡು ಕೊಡುವ ಬಗ್ಗೆ.

ಕೆಂಗೇರಿ_ಲೋಕಲ್
ಐಟಿಯವರಿಗೆ ಪೆಟ್ರೋಲ್ ದುಡ್ಡು ಯಾರೂ ಕೇಳಿಲ್ಲ ಸ್ವಾಮಿ, ನೀವೇ ತಂದು ನೀವೇ ಬೈತಾ ಇದೀರ.

ಲೆಕ್ಕಿಗ
ರಿಜಿಸ್ಟರ್ ಮಾಡಿಸೋ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ನನ್ನ ಕೆಲಸವೇ ಅದು. ಅದರಿಂದ ಸ್ವಯಂಸೇವಕರು ಭಾನುವಾರ ಬೇಗ ಏಳಲ್ಲ. ಆ ಆಸೆ ಬಿಡಿ.

ಆದರೆ ದುಡ್ಡು ಓಡಾಡೋಕೆ ಶುರುವಾದರೆ ಬೇಕೇ ಬೇಕು. ಈಗ ದುಡ್ಡು ಹೇಗೆ ಬರ್ತಿದೆ? ನಿಮ್ಮ ಯುಪಿಐ ನಂಬರಿಗೆ ತಾನೇ? ನಾಳೆ ಯಾರಾದರೂ ಲೆಕ್ಕ ಕೇಳಿದರೆ ಅದು ನಿಮ್ಮ ಸ್ವಂತ ಖಾತೆ, ನಿಮ್ಮ ಸ್ವಂತ ತಲೆನೋವು.

ಸೊಸೈಟಿ ಆದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ, ಕನಿಷ್ಠ ಏಳು ಜನ ಬೇಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಟ್ರಸ್ಟ್ ಆದರೆ ಇಬ್ಬರಿದ್ದರೂ ಆಗುತ್ತೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ನೋಂದಣಿ. ಮೂವರು ಗೆಳತಿಯರು ಅಂದಿರಿ, ನಿಮಗೆ ಟ್ರಸ್ಟೇ ಸಲೀಸು. ಪತ್ರದಲ್ಲಿ ಒಂದು ಮಾತು ಮರೀಬೇಡಿ. ಟ್ರಸ್ಟಿ ಹೇಗೆ ಬಿಟ್ಟು ಹೋಗಬಹುದು, ಹೊಸಬರು ಹೇಗೆ ಬರಬಹುದು ಅಂತ ಬರೆಸಿ. ಶುರುವಿನಲ್ಲಿ ಎಲ್ಲರೂ ಗೆಳತಿಯರೇ.

80ಜಿ, ಅಂದರೆ ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ, ಇದ್ದರೆ ದಾನಿಗಳು ಮುಗಿಬೀಳ್ತಾರೆ ಅಂತ ಎಲ್ಲರೂ ಹೇಳ್ತಾರೆ. ನಂಬಬೇಡಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ವಿನಾಯಿತಿಯೇ ಇಲ್ಲ. ನಗದು 2,000ಕ್ಕಿಂತ ಜಾಸ್ತಿ ಕೊಟ್ಟರೂ ಇಲ್ಲ.

ಡಲ್ಲಾಸ್_ಕನ್ನಡಿಗ
ನಾನು 22 ವರ್ಷದಿಂದ ಇಲ್ಲಿದ್ದೇನೆ. ಆ ಓಣಿಯ ಹುಡುಗಿಗೆ ಕೊಡುವ ಹಾಗೆ ಒಬ್ಬರಿಗೆ ವರ್ಷಪೂರ್ತಿ ನಾನು ಕೊಡುತ್ತೇನೆ. ಖಾತೆ ನಂಬರ್ ಮೆಸೇಜ್ ಮಾಡಿ.

ಲೆಕ್ಕಿಗ
@ಡಲ್ಲಾಸ್_ಕನ್ನಡಿಗ ಸಾರ್, ಒಂದು ನಿಮಿಷ. ನಿಮ್ಮ ಪಾಸ್‌ಪೋರ್ಟ್ ಯಾವುದು? ಭಾರತದ್ದೇ ಆಗಿದ್ದು ನಿಮ್ಮ ಸ್ವಂತ ಸಂಪಾದನೆ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತಗೊಂಡು ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡು ಇರುವವರು) ಆಗಿದ್ದರೆ ಅದು ವಿದೇಶಿ ದೇಣಿಗೆ, ಅದನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆ ಬರುತ್ತೆ. ಅನುಮತಿ ಇಲ್ಲದ ಗುಂಪು ಒಂದು ರೂಪಾಯಿ ತಗೊಳ್ಳೋ ಹಾಗಿಲ್ಲ. ಅನುಮತಿ ಇದ್ದವರಿಗೂ 2020ರ ತಿದ್ದುಪಡಿ ಆದ ಮೇಲೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಅಕ್ಕ, ದಯವಿಟ್ಟು ಖಾತೆ ನಂಬರ್ ಕಳಿಸಬೇಡಿ.

ಡಲ್ಲಾಸ್_ಕನ್ನಡಿಗ
ಒಸಿಐ. 😐 ಹುಟ್ಟಿದ ಊರಿನ ಮಕ್ಕಳಿಗೆ ಪೆನ್ಸಿಲ್ ಕೊಡಿಸೋಕೂ ನಾನು ವಿದೇಶಿ ಮೂಲ ಆದೆನಾ! ಸರಿ, ದುಡ್ಡು ಬೇಡ. ಪಾಠ ಹೇಳಿಕೊಡಬಹುದಾ? ನಿಮ್ಮ ಭಾನುವಾರ ಬೆಳಿಗ್ಗೆ 10 ಅಂದರೆ ಈಗ ನನಗೆ ಶನಿವಾರ ರಾತ್ರಿ 11.30. ಎಚ್ಚರ ಇರ್ತೀನಿ. ಗಣಿತ, ಕನ್ನಡದಲ್ಲೇ. ನಾನು ಓದಿದ್ದು ತಿಪಟೂರಿನ ಕನ್ನಡ ಮೀಡಿಯಂ. ಛೇದ, ಅಂಶ, ಲ.ಸಾ.ಅ., ಎಲ್ಲ ಬರುತ್ತೆ.

ಬಿಟ್ಟು_ಓಡಿದವನು
ಇಲ್ಲಿಗೆ ಬಂದು ನನಗೇ ಒಂದು ಕ್ಲಾಸು ತಗೊಳ್ಳಿ ಸಾರ್.

ಬಾಗಿಲು_ತೆರೆದಿರಲಿ
ಯಾರೂ ಎತ್ತದ ವಿಷಯ ನಾನು ಎತ್ತುತ್ತೇನೆ, ಬೇಜಾರು ಮಾಡ್ಕೋಬೇಡಿ. 31 ಜನರಲ್ಲಿ ಎಷ್ಟು ಜನ ನಿಮಗೆ ನಿಜವಾಗಿ ಗೊತ್ತು? ಗುರುತಿನ ಚೀಟಿ ನೋಡಿದ್ದೀರಾ?

ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಒಬ್ಬ ತುಂಬಾ ಉತ್ಸಾಹಿ. ಪ್ರತಿ ವಾರ ತಪ್ಪದೆ ಬರುತ್ತಿದ್ದ. ಜನ ಸಿಗದ ಕಾಲದಲ್ಲಿ ದೇವರು ಬಂದ ಹಾಗೆ. ಮಕ್ಕಳ ಫೋನ್ ನಂಬರ್ ತಗೊಂಡು ರಾತ್ರಿ ಮೆಸೇಜ್ ಮಾಡುತ್ತಿದ್ದಾನೆ ಅಂತ ಒಂದು ಹುಡುಗಿ ಹೇಳಿದಾಗ, ನಡೆಸುತ್ತಿದ್ದವರ ಮೊದಲ ಮಾತು: "ಅಷ್ಟು ಚೆನ್ನಾಗಿ ಪಾಠ ಮಾಡ್ತಾರಲ್ಲ." ಮಾತಿನ ಮಟ್ಟದಲ್ಲೇ ಇದ್ದಾಗ ಸಿಕ್ಕಿತು, ಮುಂದೆ ಹೋಗಲಿಲ್ಲ. ಆದರೆ ಆ ಹುಡುಗಿ ಪಾಠಕ್ಕೆ ಬರುವುದು ಬಿಟ್ಟಳು. ಅವನು ಹೋದ, ಸರಿ. ಅವಳೂ ಹೋದಳಲ್ಲ.

ಈಗ ನಾವು ಮಾಡುವುದು ಇಷ್ಟು. ಯಾವಾಗಲೂ ಕೋಣೆಯಲ್ಲಿ ಇಬ್ಬರು ದೊಡ್ಡವರು. ಬಾಗಿಲು ತೆರೆದೇ ಇರುತ್ತೆ. ಯಾರೂ ಮಕ್ಕಳ ನಂಬರ್ ತಗೊಳ್ಳೋ ಹಾಗಿಲ್ಲ, ಮಾತಾಡುವುದಿದ್ದರೆ ತಾಯಿಯ ಫೋನಿಗೆ. ಕತ್ತಲಾದರೆ ಹುಡುಗಿಯರನ್ನು ಗುಂಪಾಗಿ ಕಳಿಸುತ್ತೇವೆ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದೊಡ್ಡದಾಗಿ ಬರೆದಿದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರ ಪ್ರಕಾರ ಅಪರಾಧ ನಡೆದದ್ದು ಗೊತ್ತಾದ ಮೇಲೆ ಪೊಲೀಸರಿಗೆ ಹೇಳದೆ ಮುಚ್ಚಿಟ್ಟರೆ ಮುಚ್ಚಿಟ್ಟವರಿಗೂ ಶಿಕ್ಷೆ ಇದೆ. ಹೊಸಬರಿಗೆ ಮೊದಲ ದಿನವೇ ಇದನ್ನು ಓದಿ ಹೇಳಿ. ಕೆಲವರು ಮುಖ ಸಿಂಡರಿಸ್ತಾರೆ. ಸಿಂಡರಿಸಲಿ.

ಪಾಠದ_ಅಕ್ಕ
@ಬಾಗಿಲು_ತೆರೆದಿರಲಿ ನಿಜ ಹೇಳ್ತೀನಿ, ಹತ್ತು ಜನ ಗೊತ್ತು. ಉಳಿದವರು ಯಾರದೋ ಸ್ನೇಹಿತರು. ಓದಿ ಹೊಟ್ಟೆಯಲ್ಲಿ ಏನೋ ಆಯ್ತು.

ಹಿಂದಿನ_ಬೆಂಚು
ಇಲ್ಲಿ ಬರೆಯುತ್ತಿರುವವರೆಲ್ಲ ಪಾಠ ಹೇಳಿದವರು. ನಾನು ಕೂತು ಕೇಳಿದವಳು. ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುತ್ತಿದ್ದರು, ಶೆಡ್ಡಿನಲ್ಲಿ ಇದ್ದೆವು. ಈಗ ನಾನು ಲ್ಯಾಬ್ ಟೆಕ್ನಿಷಿಯನ್.

ಆರನೇ ಕ್ಲಾಸಿಗೆ ಸೇರೋಕೆ ಹೋದಾಗ ಟಿಸಿ ಇಲ್ಲ ಅಂತ ವಾಪಸ್ ಕಳಿಸಿದ್ದರು. ಪಾಠಕ್ಕೆ ಬರುತ್ತಿದ್ದ ಒಬ್ಬ ಅಕ್ಕ ಜೊತೆಗೆ ಬಂದು, ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆಯಲ್ಲೇ ಇದೆ ಅಂತ ಹೆಡ್‌ಮಾಸ್ಟರ್‌ಗೆ ತೋರಿಸಿದರು. ಆಮೇಲೆ ಸೇರಿಸಿಕೊಂಡರು. ಆ ಅಕ್ಕ ನನಗೆ ಒಂದು ಲೆಕ್ಕವನ್ನೂ ಹೇಳಿಕೊಟ್ಟಿಲ್ಲ. ಆದರೆ ಅವರಿಲ್ಲದಿದ್ದರೆ ನಾನು ತಮ್ಮನನ್ನು ಎತ್ತಿಕೊಂಡು ಶೆಡ್ಡಿನಲ್ಲೇ ಕೂತಿರುತ್ತಿದ್ದೆ. ಪಾಠ ಹೇಳೋಕೆ ಬರಲ್ಲ ಅನ್ನುವವರಿಗೆ ಇಂಥ ಕೆಲಸ ಕೊಡಿ.

ಗಣಿತದ ಅಣ್ಣ ಒಬ್ಬರಿದ್ದರು. ಎಲ್ಲ ವಾರ ಬರುತ್ತಿರಲಿಲ್ಲ. ಆದರೆ ಬರದಿರುವ ದಿನ ಮೊದಲೇ ಬೋರ್ಡಿನ ಮೂಲೆಯಲ್ಲಿ ಬರೆಯುತ್ತಿದ್ದರು. "14ಕ್ಕೆ ಬರಲ್ಲ, ತಂಗಿ ಮದುವೆ. 21ಕ್ಕೆ ಬರ್ತೀನಿ." ಆ ಮೂಲೆಯನ್ನು ನಾವು ಒರೆಸುತ್ತಿರಲಿಲ್ಲ, ಯಾರಿಗೂ ಒರೆಸೋಕೆ ಬಿಡುತ್ತಿರಲಿಲ್ಲ. 21ಕ್ಕೆ ಬರುತ್ತಿದ್ದರು. ಲಾಡೂ ತಂದಿದ್ದರು.

ಇನ್ನೊಂದು ಮಾತು. ಫೋಟೊ. ಒಂದು ಕಂಪನಿಯವರು ಒಂದು ದಿನ ಬಂದು, ಕೇಕ್ ಕತ್ತರಿಸಿ, ಬ್ಯಾಗು ಕೊಟ್ಟು, ನನ್ನನ್ನು ತಬ್ಬಿಕೊಂಡು ಫೋಟೊ ತೆಗೆಸಿಕೊಂಡು ಹೋದರು. ಅದು ಎಲ್ಲ ಕಡೆ ಬಂತು, ಕೆಳಗೆ "ಕೊಳೆಗೇರಿ ಮಗುವಿನ ನಗು" ಅಂತ ಬರೆದಿತ್ತು. ಸ್ಕೂಲಿನಲ್ಲಿ ಒಂದು ತಿಂಗಳು ನನ್ನ ಹೆಸರೇ "ನಗು" ಆಗಿತ್ತು. ಆ ಬ್ಯಾಗು ನಾನು ಹಾಕಿಕೊಳ್ಳಲಿಲ್ಲ.

ಹಾಸನದ_ಹುಡುಗಿ
@ಹಿಂದಿನ_ಬೆಂಚು ❤️ ಬೋರ್ಡಿನ ಮೂಲೆ ನಾಳೆಯಿಂದಲೇ ನಮ್ಮಲ್ಲೂ.

ಸೇವೆ_ಅಂದ್ರೆ_ಸೇವೆ
ಫೋಟೊ ಹಾಕದಿದ್ದರೆ ದಾನ ಬರಲ್ಲ, ಅದೂ ನಿಜ.

ಹಿಂದಿನ_ಬೆಂಚು
@ಸೇವೆ_ಅಂದ್ರೆ_ಸೇವೆ ಬೋರ್ಡಿನ ಫೋಟೊ ಹಾಕಿ. ನೋಟ್‌ಬುಕ್ಕಿನ ಫೋಟೊ ಹಾಕಿ. ನಿಮ್ಮ ಫೋಟೊ ಹಾಕಿ.

ಕೆಂಗೇರಿ_ಲೋಕಲ್
ಕೇಕ್ ಅಂದಿದ್ದಕ್ಕೆ ನೆನಪಾಯ್ತು. ಮಕ್ಕಳಿಗೆ ತಿಂಡಿ ಏನು ಕೊಡ್ತೀರಿ? ನಾಲ್ಕು ಗಂಟೆಗೆ ಹಸಿದುಕೊಂಡು ಬಂದವರಿಗೆ ಯಾವ ಶ್ರೇಢಿಯೂ ತಲೆಗೆ ಹೋಗಲ್ಲ.

ಪಾಠದ_ಅಕ್ಕ
ಬಿಸ್ಕತ್ ಪ್ಯಾಕೆಟ್. 42 ಮಕ್ಕಳಿಗೆ ಅದೇ ಸುಲಭ.

ಧಾರವಾಡದ_ಪೇಡಾ
ಬಿಸ್ಕತ್ ಬ್ಯಾಡ್ರಿ. ಚುರುಮುರಿ, ಮ್ಯಾಲೆ ಸ್ವಲ್ಪ ಪುಠಾಣಿ, ಶೇಂಗಾ. ಹೊಟ್ಟಿ ತುಂಬತದ, ಪ್ಯಾಕೆಟ್ ಕಸನೂ ಇಲ್ಲ.

ಕಾರ್ಡು_ಹರಿದ_ಟೀಚರ್
ಬಾಳೆಹಣ್ಣು. ಸಿಪ್ಪೆ ಹಾಕೋಕೆ ಒಂದು ಬುಟ್ಟಿ ಇಡಿ, ಇಲ್ಲದಿದ್ದರೆ ಮೆಟ್ಟಿಲ ಮೇಲೆ ಮೊದಲು ಜಾರೋದು ನೀವೇ.

ಹಳೇ_ಮೇಷ್ಟ್ರು
ಅವಲಕ್ಕಿ. ಇದರಲ್ಲಿ ಚರ್ಚೆ ಏನಿದೆ?

ಪಾಯಿಂಟಿಗೆ_ಬನ್ನಿ
ಸ್ವಯಂಸೇವಕರ ಬಗ್ಗೆ ಕೇಳಿದ್ದಕ್ಕಿಂತ ತಿಂಡಿ ಬಗ್ಗೆ ಬೇಗ ಉತ್ತರ ಬರ್ತಿದೆ. ನಾವೆಲ್ಲ ಯಾಕೆ ಭಾನುವಾರ ಹತ್ತು ಗಂಟೆಗೆ ಬರಲ್ಲ ಅಂತ ಈಗ ಗೊತ್ತಾಯ್ತು, ಮನೆಯಲ್ಲಿ ದೋಸೆ ಇರುತ್ತೆ.

ಪಾಠದ_ಅಕ್ಕ
ಒಂದೂವರೆ ತಿಂಗಳಾದ ಮೇಲೆ ಬರೀತಿದೀನಿ. ಏನಾಯ್ತು ಅಂತ ಕೇಳಿ ಕೆಲವರು ಮೆಸೇಜ್ ಮಾಡಿದ್ದಿರಿ.

ಗ್ರೂಪಿನಲ್ಲಿ ಒಂದು ಉದ್ದ ಮೆಸೇಜ್ ಹಾಕಿದೆ. ಗುರುತಿನ ಚೀಟಿ ಕೊಡಬೇಕು. ಎರಡು ಮಕ್ಕಳನ್ನು ವರ್ಷಕ್ಕೆ ಒಪ್ಪಿಕೊಳ್ಳಬೇಕು, ಇಲ್ಲವೇ ಏಪ್ರಿಲ್-ಮೇ ಎಂಟು ವಾರ. ಬರದಿರುವ ದಿನ ಹಿಂದಿನ ವಾರವೇ ಬೋರ್ಡಿನ ಮೂಲೆಯಲ್ಲಿ ಬರೆಯಬೇಕು. ಫೋಟೊ ಇಲ್ಲ. 31 ಇದ್ದದ್ದು 12 ಆಯ್ತು. ಇಬ್ಬರು "ನಮ್ಮನ್ನು ಕಳ್ಳರ ಥರ ನೋಡ್ತೀರಿ" ಅಂತ ಬೈದು ಹೋದರು. ಉಳಿದವರು ಸದ್ದಿಲ್ಲದೆ ಹೋದರು. ಈಗ ಪ್ರತಿ ವಾರ ಎಂಟು, ಒಂಬತ್ತು ಜನ ಬರ್ತಾರೆ. 31 ಇದ್ದಾಗ ಯಾವತ್ತೂ ಅಷ್ಟು ಬಂದಿರಲಿಲ್ಲ. ಒಬ್ಬರಿಗೆ ಎರಡೇ ಮಕ್ಕಳು ಅನ್ನೋದು ಸದ್ಯಕ್ಕೆ ಹತ್ತನೇ ಕ್ಲಾಸಿನ ಹದಿನಾಲ್ಕು ಜನಕ್ಕೆ ಮಾತ್ರ ಆಗ್ತಿದೆ. ಉಳಿದವರು ಇನ್ನೂ ಗುಂಪಿನಲ್ಲೇ.

ಅದೇ ಬೀದಿಯ ಡಿಗ್ರಿ ಹುಡುಗಿಯೊಬ್ಬಳು ಸಿಕ್ಕಿದ್ದಾಳೆ. ನಾವು ಮೂವರೂ ಕೈಯಿಂದ ಹಾಕಿ ತಿಂಗಳಿಗೆ 4,500 ಕೊಡ್ತಿದೀವಿ. ಕೀ ಅವಳ ಹತ್ತಿರ. ಟ್ರಸ್ಟ್ ಪತ್ರ ಇನ್ನೂ ಕರಡಲ್ಲೇ ಇದೆ, ಹೆಸರಿನ ವಿಷಯಕ್ಕೆ ಮೂರು ಗೆಳತಿಯರು ಜಗಳ ಆಡ್ತಿದೀವಿ. ಡಲ್ಲಾಸ್ ಸಾರ್ ನಾಲ್ಕು ವಾರ ತಪ್ಪದೆ ಬಂದಿದ್ದಾರೆ, ಐದನೇ ವಾರ ಕ್ಯಾಮೆರಾ ಮುಂದೆ ಆಕಳಿಸಿ ಮಕ್ಕಳ ಕೈಲಿ ನಗಿಸಿಕೊಂಡರು. ಪಕ್ಕದಲ್ಲಿ ನಾವು ಒಬ್ಬರು ಕೂತೇ ಇರ್ತೀವಿ.

52ರಲ್ಲಿ 37 ಎಲ್ಲರಿಗೂ ಕೊಟ್ಟು ನೋಡಿದೆ. ಎಷ್ಟು ಜನ 25 ಬರೆದರು ಅಂತ ಹೇಳಲ್ಲ.

ಆ ನೋಟ್‌ಬುಕ್ಕಿನ ಅಣ್ಣನಿಗೆ ಪುಣೆಗೆ ವರ್ಗ ಆಗಿದೆಯಂತೆ. ಈಗ ಅವಳಿಗೆ ಹೊಸ ಅಕ್ಕ ಒಬ್ಬರಿದ್ದಾರೆ, ಆ ಪಾಠ ಮುಗಿದು ತ್ರಿಕೋನಮಿತಿಗೆ ಬಂದಿದ್ದಾರೆ. ಆ ಅರ್ಧ ಪುಟ ಮಾತ್ರ ಹಾಗೇ ಇದೆ. ಈಗ ನಿನಗೇ ಬರುತ್ತಲ್ಲ, ಮುಗಿಸು ಅಂದೆ. "ಇರಲಿ ಬಿಡಿ ಅಕ್ಕ" ಅಂದು ಪುಟ ತಿರುಗಿಸಿದಳು.

ಬಿಟ್ಟು_ಓಡಿದವನು
ಅಕ್ಕ, ಏಪ್ರಿಲ್-ಮೇ ಪಟ್ಟಿಗೆ ನನ್ನ ಹೆಸರು ಹಾಕಿ. ಎಂಟು ವಾರ. ಛೇದ, ಅಂಶ ಕಲಿತುಕೊಂಡೇ ಬರ್ತೀನಿ.

ಪಾಠದ_ಅಕ್ಕ
ಗುರುತಿನ ಚೀಟಿ ತನ್ನಿ.

ಹಳೇ_ಮೇಷ್ಟ್ರು
ತಿಂಡಿ ಏನು ತೀರ್ಮಾನ ಆಯ್ತು?

ಪಾಠದ_ಅಕ್ಕ
ಶನಿವಾರ ಚುರುಮುರಿ, ಭಾನುವಾರ ಬಾಳೆಹಣ್ಣು. ಅವಲಕ್ಕಿಗೆ ಒಂದೇ ಓಟು ಬಂತು ಮೇಷ್ಟ್ರೇ, ಅದೂ ನಿಮ್ಮದು.